ಹಾಲು ಕುಡಿದ ಡೋಲು

ಲವೆಂಟಿಲ್ ಗುಡ್ಡ,
ಪೋರ್ಟ್ ಆಫ್ ಸ್ಪೇನ್,
ಮಾರ್ಚ್ 16, 1999

ಪ್ರೀತಿಯ ಮಾಕುಮೆ ಅರ್ಲೀನ್,

ನೀನೂ ಹೋಲಿಸ್ ಭಾವನೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಭಾವನ ಮೊಣಕಾಲು ಈಗ ಹೇಗಿದೆ? ದೋಣಿ ಹತ್ತುತ್ತಾನೋ, ಇಲ್ಲ ದಡದಲ್ಲೇ ಕೂತು ಬೇರೆಯವರ ಬಲೆಗೆ ಬುದ್ಧಿ ಹೇಳುತ್ತಾನೋ ಬರೆ. ನೀನು ಟೊಬೇಗೊ ಹಡಗಿನಲ್ಲಿ ಕಳಿಸಿದ ಒಣಮೀನು ಬಂದು ತಲುಪಿತು. ಕ್ರಿಸ್‌ಮಸ್ ಆದ ಮೇಲೆ ನೀನು ಎರಡು ಪತ್ರ ಬರೆದೆ, ಎರಡಕ್ಕೂ ನಾನು ಉತ್ತರ ಬರೆಯಲಿಲ್ಲ. ಜ್ವರ ಬಂದಿತ್ತು, ಕಾರ್ನಿವಲ್ಲಿನ ಗಡಿಬಿಡಿ, ಕನ್ನಡಕ ಒಡೆಯಿತು ಎಂದು ಏನಾದರೂ ಬರೆಯಬಹುದಿತ್ತು. ನಿನ್ನ ಹತ್ತಿರ ಸುಳ್ಳೇಕೆ? ನಿನ್ನ ಮೇಲೆ ಸಿಟ್ಟಿತ್ತು. ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡರೆ ಮಗುಚಿ ಇಡುತ್ತಿದ್ದೆ. ಆ ಸಿಟ್ಟು ನಿನಗೆ ಸೇರಬೇಕಾದದ್ದಲ್ಲ ಎಂದು ಹೋದ ವಾರ ಗೊತ್ತಾಯಿತು. ಮನ್ನಿಸು. ಫೋನ್ ಮಾಡೋಣವೆಂದರೆ ನಿಮ್ಮೂರಿನ ಫೋನ್ ಇರುವುದು ಅಂಗಡಿಯಲ್ಲಿ. ನೀನು ಹಲೋ ಅನ್ನುವಷ್ಟರಲ್ಲಿ ಅರ್ಧ ಷಾರ್ಲಟ್‌ವಿಲ್ ಕಿವಿಯಾಗಿ ನಿಂತಿರುತ್ತದೆ.

ಈಸ್ಟರ್ ಆದ ಮೇಲೆ ಯುಲ್ರಿಕ್‌ಗೆ ನಡೆಯುವ ಇಪ್ಪತ್ತೈದು ವರ್ಷದ ಸನ್ಮಾನದಲ್ಲಿ ನಾವಿಬ್ಬರೂ ಹಿಮ್ಮೇಳಕ್ಕೆ ಯಾವ ಬಣ್ಣದ ಫ್ರಾಕ್ ಹಾಕಿಕೊಳ್ಳಬೇಕು ಎಂದು ಕೇಳಿದ್ದೆ. ಹೇಳುತ್ತೇನೆ. ಅದಕ್ಕೆ ಮೊದಲು ಇಲ್ಲಿ ನಡೆದದ್ದನ್ನು ಕೇಳು.

ಸನ್ಮಾನ ಸಮಿತಿಯವರು ಅವನ ಜೀವನವನ್ನು ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಿದ್ದಾರೆ. 'ಬಡತನದ ಬೆಂಕಿಯಲ್ಲಿ ಅರಳಿದ ತಾಳಕವಿ' ಅಂತೆ. ಬೆಂಕಿಯಲ್ಲಿ ಯಾವ ಹೂವು ಅರಳುತ್ತದೋ ನನಗೆ ಗೊತ್ತಿಲ್ಲ. ನಮ್ಮ ಅಂಗಳದಲ್ಲಿ ಅರಳಿದ್ದಂತೂ ಅವನ ಬಾಯಿ. ಹಾಡಲು ಬರುತ್ತಿರಲಿಲ್ಲ. ಡೋಲು ಬಾರಿಸಿಕೊಂಡು ಮಾತಾಡುತ್ತಿದ್ದ, ಅಷ್ಟೆ. ಆದರೆ ಎಂಥ ಮಾತು! ಮೀನು ಮಾರುವವಳ ಜಗಳವನ್ನೂ ಪಾದ್ರಿಯ ಉಪದೇಶವನ್ನೂ ಒಂದೇ ತಾಳಕ್ಕೆ ಕಟ್ಟಿದರೆ ಹೇಗಿರುತ್ತದೋ ಹಾಗೆ. ಜನ 'ಕಬ್ಬಿಣದ ನಾಲಿಗೆ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬಂದರಿನ ಕೂಲಿಗಳ ಮುಷ್ಕರದಲ್ಲಿ ನಾವು ಲಾರಿಯ ಮೇಲೆ ನಿಂತದ್ದು ನೆನಪಿದೆಯಾ? ಎಡಕ್ಕೆ ನೀನು, ಬಲಕ್ಕೆ ನಾನು ಬಾಟಲಿಯ ಮೇಲೆ ಚಮಚದಿಂದ ತಾಳ ಹಾಕುತ್ತ, ನಡುವೆ ಅವನು. ಪೋಲೀಸರು ಬಂದಾಗ ನೀನು ಲಾರಿಯಿಂದ ಹಾರಿ ಚಪ್ಪಲಿ ಕಳೆದುಕೊಂಡೆ, ಆದರೂ ಪಲ್ಲವಿ ಬಿಡಲಿಲ್ಲ. ರೇಡಿಯೋದವರು "ಇದು ಹಾಡಲ್ಲ, ಬೈಗುಳ" ಎಂದು ನಮ್ಮ ರೆಕಾರ್ಡನ್ನು ವಾಪಸ್ ಕಳಿಸಿದಾಗ ಅವನಿಗೆ ಪದಕ ಸಿಕ್ಕಷ್ಟು ಸಂತೋಷ.

ಕಾರ್ನಿವಲ್ ಕಾಲಕ್ಕೆ ಟಿಕೆಟ್ಟಿಟ್ಟು ಹಾಡಿಸುವ ಕ್ಯಾಲಿಪ್ಸೊ ಡೇರೆಯವರು ಆಗ ಎಷ್ಟು ಸಲ ಕರೆದರು! ಪ್ರತಿ ಸಲವೂ ಅವನದು ಒಂದೇ ಉತ್ತರ: "ಡೇರೇಲಿ ಹಾಡೋನು ಗಿಳಿ ಕಣಮ್ಮ. ದುಡ್ಡಿರೋರು ಬೀಜ ಹಾಕಿದ್ರೆ ಮಾತಾಡುತ್ತೆ. ನಾನು ಅಂಗಳದಲ್ಲೇ ಇರ್ತೀನಿ." ಆ ಮಾತಿಗೇ ನಾನು ಅವನನ್ನು ಮದುವೆಯಾದೆ ಎಂದರೂ ಸುಳ್ಳಲ್ಲ.

ನೀನು ಮದುವೆಯಾಗಿ ಟೊಬೇಗೊಗೆ ಹೋದ ಮೇಲಿನ ಕಥೆಯೂ ನಿನಗೆ ಅಷ್ಟಿಷ್ಟು ಗೊತ್ತು. ಕುಣಿಯುವ ಸೋಕಾ ಹಾಡು ಬಂತು. ಕೈ ಎತ್ತು, ಸೊಂಟ ಕುಣಿಸು, ಮುಗಿಯಿತು. ಕಬ್ಬಿಣದ ನಾಲಿಗೆಗೆ ತುಕ್ಕು ಹಿಡಿಯಿತು. ಆಮೇಲೆ ಸರ್ಕಾರದವರು ಅವನನ್ನು ಸಂಸ್ಕೃತಿ ರಾಯಭಾರಿ ಮಾಡಿದರು. ಶಾಲೆಯ ಮಕ್ಕಳ ಮುಂದೆ, ಹೊರದೇಶದ ಅತಿಥಿಗಳ ಮುಂದೆ, ಊಟಕ್ಕೆ ಮುಂಚೆ ಹತ್ತು ನಿಮಿಷ. ಆಫ್ರಿಕಾದ ಬಟ್ಟೆಯ ನಾಲ್ಕು ಅಂಗಿ ಹೊಲಿಸಿಕೊಂಡ. ಮಾತಿಗೆ ಮುಂಚೆ ಕೆಮ್ಮುವುದು ಕಲಿತ. ಮನೆಯಲ್ಲಿ ಉಪ್ಪು ಕೇಳುವಾಗಲೂ ಕೆಮ್ಮುತ್ತಿದ್ದ! ಇದನ್ನೆಲ್ಲ ನಾನು ಸಹಿಸಿಕೊಂಡೆ ಮಾಕುಮೆ. ವಯಸ್ಸಾಯಿತು, ನಾಲ್ಕು ಜನ ಚಪ್ಪಾಳೆ ತಟ್ಟಲಿ, ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ.

ಹೋದ ಡಿಸೆಂಬರಿನಲ್ಲಿ ಡೇರೆಯ ಮ್ಯಾನೇಜರ್ ಮತ್ತೆ ಬಂದ. "ಅಂಕಲ್, ಬೇಜಾರು ಮಾಡ್ಕೋಬೇಡಿ, ಈಗಿನ ಹುಡುಗ್ರಿಗೆ ನೀವು ಯಾರು ಅಂತಾನೇ ಗೊತ್ತಿಲ್ಲ. ನಮ್ಮ ಮಾಪಿಪಿ ಜೊತೆ ಪಿಕಾಂಗ್‌ಗೆ ನಿಂತ್ಕೊಳ್ಳಿ. ಒಂದು ಸೀಸನ್ ಸಾಕು, ಟೀವೀಲೆಲ್ಲಾ ನೀವೇ." ಗಿಳಿಯ ಮಾತು ಈಗ ಬರುತ್ತದೆ ಎಂದು ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ಕಾದೆ. ಯುಲ್ರಿಕ್ ಕೆಮ್ಮಿದ. "ಯಾವಾಗ ಶುರು?" ಎಂದ.

ಮಾಪಿಪಿಯನ್ನು ನೀನು ನೋಡಿಲ್ಲ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು, ನಮ್ಮ ಕಾಡಿನ ವಿಷದ ಹಾವಿನ ಹೆಸರಿಟ್ಟುಕೊಂಡಿದ್ದಾನೆ. ಮುಖ ಮಾತ್ರ ಚರ್ಚಿನ ಬಲಿಪೂಜೆಗೆ ಗಂಟೆ ಹೊಡೆಯುವ ಹುಡುಗನದು. ಎದುರಾಳಿಯ ಮಾನ ಕಳೆಯುವುದರಲ್ಲಿ ಈಗ ಅವನಷ್ಟು ಚುರುಕು ಇನ್ನೊಬ್ಬರಿಲ್ಲ. ಪಿಕಾಂಗಿನ ಕಟ್ಟಳೆ ನಿನಗೆ ಹೇಳಬೇಕಾಗಿಲ್ಲ. ಇಬ್ಬರೂ ಪದ್ಯ ಕಟ್ಟಿ ಒಬ್ಬರನ್ನೊಬ್ಬರು ಹೀಯಾಳಿಸಬೇಕು, ಮೈಬಣ್ಣ, ಹಲ್ಲು, ಹೆಂಡತಿ, ಅತ್ತೆ, ಯಾವುದೂ ಬಿಡುವ ಹಾಗಿಲ್ಲ. ಸಿಟ್ಟು ಬಂದವನು ಸೋತ. ಬೈಸಿಕೊಂಡವನ ಮನೆಯವರೂ ನಗಬೇಕು. ಮುಂದಿನ ಸಾಲಿನಲ್ಲಿ ನಮ್ಮನ್ನು ಕೂರಿಸುವುದೇ ಅದಕ್ಕೆ.

ಕಾರ್ನಿವಲ್ಲಿಗೆ ಎರಡು ವಾರ ಮುಂಚೆ ಟೀವಿಯವರು ಬಂದಿದ್ದ ಸಂಜೆ. ನಾನು ನೀಲಿ ಫ್ರಾಕ್ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದೆ. ಮೊದಲು ಯುಲ್ರಿಕ್‌ನ ಬೋಳುತಲೆ, ಆಮೇಲೆ ಅಂಗಿ, ಆಮೇಲೆ ಸರ್ಕಾರದ ಊಟ. ಜನ ನಕ್ಕರು, ನಾನೂ ನಕ್ಕೆ, ನಿಜವಾಗಿಯೇ ನಕ್ಕೆ. ಆಗ ಮಾಪಿಪಿ ಡೋಲಿನ ಕಡೆ ಬೆರಳು ತೋರಿಸಿ, 'ಟಾಂಟಿ' ಎಂದು ತಾನು ಕರೆಯುವ ನನ್ನ ಕಡೆ ನೋಡಿ ಹಾಡಿದ:

ಮುದುಕನ ಡೋಲಿಗೆ ಮುಪ್ಪೇ ಬಂದಿಲ್ಲ,
ಕೂಸಿನ ಕೆನ್ನೆ ಹಂಗೆ, ಸುಕ್ಕೇ ಇಲ್ಲ,
ಏನು ಹಾಕಿ ಸಾಕಿದ್ರಿ ಅಂದ್ರೆ ಟಾಂಟಿ ಹೇಳಲ್ಲ,
ಎದೆಹಾಲು ಕೊಟ್ಟಿದ್ದು ಊರಿಗೇ ಗೊತ್ತಿಲ್ಲ!

ಡೇರೆ ಹಾರಿಹೋಗುವ ಹಾಗೆ ಕೂಗಿದರು. ಕುರ್ಚಿ ಬಡಿದರು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಮೂರು ಸಲ ಹಾಡಿಸಿದರು. ನನ್ನ ಪಕ್ಕದ ಹೆಂಗಸು ನನ್ನ ತೊಡೆಗೆ ಹೊಡೆದು, "ಅಯ್ಯೋ ಇಸ್ಮೇ, ಈ ಹುಡುಗನ ತಲೇಲಿ ಏನೇನು ಹುಟ್ಟುತ್ತಪ್ಪಾ!" ಎಂದು ಕಣ್ಣೊರೆಸಿಕೊಂಡಳು. ಟೀವಿ ಕ್ಯಾಮೆರಾ ನನ್ನ ಮುಖದ ಮೇಲೆ ಬಂತು. ನಾನು ನಕ್ಕೆ. ಹಲ್ಲೆಲ್ಲ ಕಾಣುವ ಹಾಗೆ ನಕ್ಕೆ. ಆ ನಗುವನ್ನು ಆ ವಾರವೆಲ್ಲ ಸುದ್ದಿಯ ಕೊನೆಗೆ ತೋರಿಸಿದರು. ಪೇಟೆಯಲ್ಲಿ ತರಕಾರಿಯವಳು ನನ್ನ ಎದೆಯ ಕಡೆ ನೋಡಿ, "ಟಾಂಟಿ, ನಮ್ಮ ಡೋಲಿಗೂ ಒಂಚೂರು" ಎಂದಳು.

ಆ ಮಧ್ಯಾಹ್ನ ನಿನಗೆ ನೆನಪಿದೆ. ಆದರೂ ಬರೆಯುತ್ತೇನೆ, ಇದುವರೆಗೆ ಎಲ್ಲೂ ಬರೆದಿಲ್ಲ. ಮಗುವನ್ನು ಮಣ್ಣು ಮಾಡಿ ಬಂದು ವಾರವೂ ಆಗಿರಲಿಲ್ಲ. ಎದೆಗೆ ಅದು ಗೊತ್ತಿಲ್ಲವಲ್ಲ. ಹಾಲು ಬರುತ್ತಲೇ ಇತ್ತು, ರವಿಕೆ ನೆನೆದು ಅಂಟುತ್ತಿತ್ತು, ಎಲೆಕೋಸಿನ ಎಲೆ ಕಟ್ಟಿದರೂ ನಿಲ್ಲಲಿಲ್ಲ. ಯುಲ್ರಿಕ್ ಸಣ್ಣ ಡೋಲನ್ನು ಚರ್ಮ ಬಿಗಿಯಾಗಲಿ ಎಂದು ಮೆಟ್ಟಿಲ ಮೇಲೆ ಬಿಸಿಲಿಗಿಟ್ಟು ಹೋಗಿದ್ದ. ನಾನು ಅದನ್ನು ಎತ್ತಿಡೋಣವೆಂದು ಮುಟ್ಟಿದೆ. ಬೆಚ್ಚಗಿತ್ತು. ಮಲಗಿ ಎದ್ದ ಕೂಸಿನ ಬೆನ್ನಿನ ಹಾಗೆ ಬೆಚ್ಚಗಿತ್ತು. ಆಮೇಲೆ ನಾನು ಏನು ಮಾಡಿದೆ ಎಂದು ಕಂಡವರು ಇಬ್ಬರೇ, ಸೂಪಿನ ಪಾತ್ರೆ ಹಿಡಿದು ಬಂದ ನೀನು, ನಿನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಅವನು. ನೀನು ಪಾತ್ರೆ ಕೆಳಗಿಟ್ಟು ನನ್ನ ಪಕ್ಕ ಕೂತೆ, ನನ್ನ ಕೈಯಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಅವನು ನಮ್ಮನ್ನು ದಾಟಿ ಒಳಗೆ ಹೋದ. ಹೆತ್ತವಳೂ ಮಗುವಿನ ಜ್ಞಾನಸ್ನಾನದ ತಾಯಿಯೂ ಒಬ್ಬರನ್ನೊಬ್ಬರು ಕರೆಯುವ ಹೆಸರು ಅದು, ಮಗು ಹೋದ ಮೇಲೂ 'ಮಾಕುಮೆ' ಎಂದು ನಾವಿಬ್ಬರೂ ಕರೆದುಕೊಳ್ಳುವುದನ್ನು ಬಿಡಲಿಲ್ಲವಲ್ಲ, ಅದು ನನಗೆ ಆ ಮಧ್ಯಾಹ್ನದಿಂದ ಬಂದ ಧೈರ್ಯ.

ಈಗ ಹೇಳು, ಮಾಪಿಪಿಯ ಬಾಯಿಗೆ ಆ ಮಾತು ಹೋಗಿದ್ದು ಹೇಗೆ ಎಂದು ನಾನು ಯೋಚಿಸಿದಾಗ ಯಾರ ಮೇಲೆ ಅನುಮಾನ ಬರಬೇಕು? ಗಂಡನ ಮೇಲೆ ಬರಲಿಲ್ಲ. ಅವನೇ ವೇದಿಕೆಯ ಮೇಲೆ ಬೈಸಿಕೊಳ್ಳುತ್ತಿದ್ದನಲ್ಲ! ಟೊಬೇಗೊದಲ್ಲಿ ಯಾರ ಹತ್ತಿರವೋ ನೀನು ಆಡಿರಬೇಕು, ಅದು ಹಡಗು ಹತ್ತಿ ಬಂದಿರಬೇಕು ಎಂದುಕೊಂಡೆ. ಬೂದಿ ಬುಧವಾರ ಚರ್ಚಿನಲ್ಲಿ ಮೊಣಕಾಲೂರಿ ನಿನಗೆ ಶಾಪ ಹಾಕಿದೆ. ಅದನ್ನು ವಾಪಸ್ ತೆಗೆದುಕೊಂಡಿದ್ದೇನೆ, ಹೆದರಬೇಡ.

ಹೋದ ವಾರ ಮಾಪಿಪಿ ಮನೆಗೆ ಬಂದ. ಗೆದ್ದವನು ಹಿರಿಯನ ಮನೆಗೆ ಹೋಗಿ ಊಟ ಮಾಡಿ ಬರುವ ಪದ್ಧತಿ ಇನ್ನೂ ಇದೆಯಲ್ಲ. ಒಂದು ಗೊನೆ ಬಾಳೆಕಾಯಿ ತಂದಿದ್ದ. ಯುಲ್ರಿಕ್ ಸಮಿತಿಯ ಸಭೆಗೆ ಹೋಗಿದ್ದ. ಬಂದವನಿಗೆ ಬಡಿಸದೆ ಇರಲಾಗುತ್ತದೆಯೇ? ಕಲಲೂ ಸೊಪ್ಪಿನ ಸಾರು, ಮೀನು ಬಡಿಸಿದೆ. ಎರಡನೇ ಸಲ ಅನ್ನ ಹಾಕಿಸಿಕೊಂಡು, ತುಂಬು ಬಾಯಲ್ಲಿ ಕೇಳಿದ:

"ಟಾಂಟಿ, ಆ ಡೋಲಿನ ಪದ್ಯ ಹೆಂಗಿತ್ತು? ನಿಜ ಹೇಳಿ."

"ನಿನಗೆ ಅದು ಹೊಳೆದಿದ್ದು ಹೆಂಗಪ್ಪಾ?" ಎಂದೆ. ಸೌಟು ಇನ್ನೂ ಕೈಯಲ್ಲೇ ಇತ್ತು.

"ಅಯ್ಯೋ, ನಂದಲ್ಲ! ಅಂಕಲ್ಲೇ ಕೊಟ್ಟಿದ್ದು. ರಿಹರ್ಸಲ್ಲಲ್ಲಿ ನಾನು ಅವರಿಗೆ ನಾಲ್ಕು ಕೊಟ್ಟೆ, ಅವರು ನಂಗೆ ನಾಲ್ಕು ಕೊಟ್ರು, ಎಲ್ಲರೂ ಹಂಗೇ ಮಾಡೋದು ಟಾಂಟಿ. ಆದ್ರೆ ಇದು ಬೇಡ ಅಂಕಲ್, ಏನೋ ಒಂಥರಾ ಇದೆ, ಜನಕ್ಕೆ ಅರ್ಥ ಆಗಲ್ಲ ಅಂದೆ ನಾನು. ಅದಕ್ಕೆ ಅಂಕಲ್ಲು, ಹಾಡೋ ಪೆದ್ದ, ಇದು ಅಪ್ಪಟ ಮುತ್ತು, ಇಪ್ಪತ್ತು ವರ್ಷಕ್ಕೂ ಮೇಲಾಯ್ತು ಇಟ್ಕೊಂಡು, ಹಾಕೋಕೆ ಜಾಗ ಸಿಕ್ಕಿರಲಿಲ್ಲ ಅಂದ್ರು. ನೋಡಿ, ಅವರು ಹೇಳಿದ್ದೇ ಸರಿ ಆಯ್ತು. ಸೀಸನ್ನಿನ ದೊಡ್ಡ ನಗು ಅದೇ!"

ಪಾಪದ ಹುಡುಗ. ಅವನಿಗೆ ಏನೂ ಗೊತ್ತಿರಲಿಲ್ಲ. ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಒಪ್ಪವಾಗಿ ಜೋಡಿಸಿಟ್ಟು, ತಟ್ಟೆ ತಾನೇ ತೊಳೆದು, ನನ್ನ ಕೆನ್ನೆಗೆ ಮುತ್ತು ಕೊಟ್ಟು ಹೋದ. ನಾನು ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಮಾಡಿದೆ.

ಯುಲ್ರಿಕ್ ಬಂದು ಪೇಪರ್ ಹಿಡಿದು ಕೂತ ಮೇಲೆ ಕೇಳಿದೆ.

"ಡೋಲಿನ ಪದ್ಯ ನೀನೇ ಕೊಟ್ಯಾ?"

"ಯಾವುದು? ಓ, ಅದಾ. ಹೂಂ." ಪೇಪರ್ ಕೆಳಗಿಡಲಿಲ್ಲ. "ಚೆನ್ನಾಗಿ ಕೂತ್ಕೊಳ್ತಲ್ವಾ?"

"ಅದು ನನ್ನ ಮಗೂದು ಕಣೋ."

"ಮಗು ಅಂತ ಯಾರಾದ್ರೂ ಅಂದ್ರಾ? ಅದು ನಿಜ ಅಂತ ಒಬ್ಬರಿಗಾದ್ರೂ ಗೊತ್ತಾ? ತಮಾಷೆ ಅಂದ್ಕೊಂಡ್ರು, ನಕ್ಕರು. ಪಿಕಾಂಗ್ ಇಸ್ಮೇ. ಅದನ್ನ ಮನೇಗೆ ಹೊತ್ಕೊಂಡು ಬರಬಾರದು."

"ನಾನು ಹೊತ್ಕೊಂಡು ಬರ್ಲಿಲ್ಲ. ನೀನು ಮನೆಯಿಂದ ಹೊತ್ಕೊಂಡು ಹೋದೆ."

ಅದಕ್ಕೆ ಕೆಮ್ಮಿದ. ಆಮೇಲೆ, "ನೀನೂ ನಗ್ತಾ ಇದ್ದೆಯಲ್ಲ, ನಾನು ಮೇಲಿಂದ ನೋಡ್ದೆ" ಎಂದ. ಥೂ! ಆ ಬಾಯಲ್ಲಿ ಒಂದು ಕಾಲಕ್ಕೆ ಬಂದರಿನ ಕೂಲಿಗಳ ಹಸಿವು ಮಾತಾಡುತ್ತಿತ್ತು ಎಂದು ನೆನೆದರೆ ನನಗೆ ಹೇಸಿಗೆಯಾಗುತ್ತದೆ. ಅವನು ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅವನಿಗೆ ಇದರಲ್ಲಿ ತಪ್ಪೇನಿದೆ ಎಂದೇ ತಿಳಿಯುತ್ತಿಲ್ಲ. ಚೆನ್ನಾಗಿ ಬಂತೋ ಇಲ್ಲವೋ, ಅಷ್ಟೇ ಅವನ ಲೆಕ್ಕ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಸನ್ಮಾನಕ್ಕೆ ಬಂದು ಬಾಟಲಿ ಬಾರಿಸಿ ಹೋಗುತ್ತಿದ್ದೆನೋ ಏನೋ. ಮೊನ್ನೆ ಶುಕ್ರವಾರ ಸಮಿತಿಯ ಮಿಸೆಸ್ ಗಿಟೆನ್ಸ್ ಬಂದಳು. ಸೆಂಟಿನ ಘಮಕ್ಕೆ ನಮ್ಮ ನಾಯಿಯೂ ಎದ್ದು ಹೋಯಿತು. ನಾನು ಹಿತ್ತಲ ಬಾಗಿಲಲ್ಲಿ ಕೂತು ಮೀನು ಹೆರೆಯುತ್ತಿದ್ದೆ. ಯುಲ್ರಿಕ್ ಕೈಯಲ್ಲಿ ಅಲ್ಲಿಗೇ ಕುರ್ಚಿ ಹಾಕಿಸಿಕೊಂಡಳು.

"ಇಸ್ಮೇ, ಸನ್ಮಾನದ ದಿನ ಆ ಹಾಲಿನ ಡೋಲು ಇರಲೇಬೇಕು. ಟೀವೀಲಿ ನೋಡಿದಾಗಿನಿಂದ ಎಲ್ಲರೂ ಕೇಳ್ತಿದಾರೆ. ನೀವು ಬಿಳೀ ಫ್ರಾಕ್ ಹಾಕ್ಕೊಂಡು, ಅದನ್ನ ಮಗು ಥರ ಎತ್ಕೊಂಡು ನಿಧಾನಕ್ಕೆ ಬರ್ತೀರಿ. ದೀಪ ಎಲ್ಲ ಆರಿಸ್ತೀವಿ. ಆಮೇಲೆ ನೀವು ಅದನ್ನ ಯುಲ್ರಿಕ್ ಕೈಗೆ ಕೊಡ್ತೀರಿ. ಸಭೇಲಿ ಒಂದು ಕಣ್ಣೂ ಒಣಗಿರಲ್ಲ ನೋಡಿ!"

ನಾನು ಯುಲ್ರಿಕ್ ಮುಖ ನೋಡಿದೆ. ಈಗಲಾದರೂ ಏನಾದರೂ ಅಂದಾನು ಎಂದು ನೋಡಿದೆ. ಅವನು ಗಡ್ಡ ಕೆರೆದುಕೊಂಡು ಯೋಚಿಸಿದ. "ಎತ್ಕೊಂಡು ಬರೋವಾಗ ಹಿಂದೆ ಏನೂ ತಾಳ ಬೇಡ," ಎಂದ. "ಬರೀ ಮೌನ ಇರಲಿ. ಅದು ಜಾಸ್ತಿ ತಟ್ಟುತ್ತೆ."

ಮಿಸೆಸ್ ಗಿಟೆನ್ಸ್ ಅದನ್ನು ಬರೆದುಕೊಂಡಳು. ಅವಳ ಕಾರು ಇಳಿಜಾರು ದಾಟುವವರೆಗೆ ನಾನು ಮೀನು ಹೆರೆದೆ. ಆಮೇಲೆ ಒಳಗೆ ಹೋಗಿ, ಮೊಳೆಯಿಂದ ಆ ಸಣ್ಣ ಡೋಲನ್ನು ಇಳಿಸಿ, ಕೈಯಲ್ಲಿದ್ದ ಅದೇ ಚೂರಿಯಿಂದ ಚರ್ಮವನ್ನು ಈ ಅಂಚಿನಿಂದ ಆ ಅಂಚಿಗೆ ಸೀಳಿದೆ. ಹಳೆಯ ಚರ್ಮ, ಸದ್ದೇನೂ ಬರಲಿಲ್ಲ. ಮೀನಿನ ಪೊರೆ ಅದಕ್ಕೆಲ್ಲ ಅಂಟಿತು.

ಅವನು ನೋಡಿದ. ನೆಲದ ಮೇಲೆ ಕುಸಿದು ಕೂತು, ಡೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತ ಮಾಕುಮೆ. ಬಿಕ್ಕಿ ಬಿಕ್ಕಿ ಅತ್ತ. "ಇಂಥ ಚರ್ಮ ಇನ್ನು ಸಿಗಲ್ಲ, ಇಂಥ ದನಿ ಇನ್ನು ಬರಲ್ಲ" ಎಂದ. ಮಗುವಿನ ಪೆಟ್ಟಿಗೆ ಇಳಿಸುವಾಗಲೂ ಅವನು ಹೀಗೆ ಅತ್ತಿರಲಿಲ್ಲ. ನಾನು ನಿಂತು ನೋಡಿದೆ. ಕರುಣೆ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ, ಬರಲಿಲ್ಲ. ಕೈ ತೊಳೆದುಕೊಂಡು ಹೋಗಿ ಮೀನು ಒಲೆಗಿಟ್ಟೆ.

ಈಗ ಅವನು ತಾಲೀಮಿನ ಶೆಡ್ಡಿನಲ್ಲಿ ಮಲಗುತ್ತಾನೆ. ಬಿಟ್ಟು ಹೋಗುತ್ತೀಯಾ ಎಂದು ನನ್ನನ್ನು ಕೇಳಬೇಡ. ಈ ಮನೆ ನನ್ನ ಅಮ್ಮನದು, ಹೋಗುವವರು ಹೋಗಲಿ. ನಿನ್ನೆ ಯಾರೋ ಹೊಸ ಆಡಿನ ಚರ್ಮ ತಂದುಕೊಟ್ಟರು. ಮಿಸೆಸ್ ಗಿಟೆನ್ಸ್‌ಗೆ ಹಳೆಯದು ಹೊಸದು ತಿಳಿಯುವುದಿಲ್ಲವಂತೆ, ಅದನ್ನೇ ಬಿಗಿಯುತ್ತಿದ್ದಾನೆ. ಎತ್ತಿಕೊಂಡು ಬರಲು ನಾನು ಸಿಗುವುದಿಲ್ಲ. ಇನ್ಯಾರಾದರೂ ಬಿಳಿ ಫ್ರಾಕಿನವಳನ್ನು ಹುಡುಕಿಕೊಳ್ಳಲಿ.

ಅದಕ್ಕೇ ಫ್ರಾಕಿನ ವಿಚಾರ ಕೊನೆಗೆ ಇಟ್ಟಿದ್ದೆ. ನಾನು ಹಿಮ್ಮೇಳಕ್ಕೆ ನಿಲ್ಲುವುದಿಲ್ಲ. ನಿನಗೆ ಬರಬೇಕು ಅನ್ನಿಸಿದರೆ ಬಾ, ನಿನ್ನ ಗಂಟಲಿಗೂ ಆ ಚಪ್ಪಾಳೆಯಲ್ಲಿ ಪಾಲಿದೆ, ನಾನು ತಪ್ಪು ತಿಳಿಯುವುದಿಲ್ಲ. ಬಂದರೆ ನನ್ನ ಮನೆಯಲ್ಲೇ ಇಳಿಯಬೇಕು. ಭಾವನಿಗೆ ಮೊಣಕಾಲಿಗೆ ಬಿಸಿ ಉಪ್ಪು ಕಟ್ಟಲು ಹೇಳು. ದೇವರು ನಿಮ್ಮ ದೋಣಿಯನ್ನೂ ಬಲೆಯನ್ನೂ ಕಾಯಲಿ, ನಿನ್ನ ಮೊಮ್ಮಕ್ಕಳಿಗೆ ಒಳ್ಳೆಯದಾಗಲಿ.

ನಿನ್ನ,
ಇಸ್ಮೇ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅವನ ಆಟ ಶುರುವಾಗುತ್ತಿದ್ದದ್ದು ಹೇಗೆಂದು ನಿನಗೆ ಗೊತ್ತು. ನೆಲಕ್ಕೆ ನೀರು ಚೆಲ್ಲಿ ಸತ್ತವರ ಹೆಸರು ಕರೆಯುತ್ತಿದ್ದ. ಗುಂಡು ತಿಂದ ಹುಡುಗರು, ಗುಡ್ಡ ಕುಸಿದು ಹೋದ ಹೆಂಗಸರು, ಹೆಸರು ಕರೆದಾಗಲೆಲ್ಲ ನಾವಿಬ್ಬರೂ "ಇಲ್ಲೇ ಇದ್ದಾನೆ, ಇಲ್ಲೇ ಇದ್ದಾಳೆ" ಅನ್ನುತ್ತಿದ್ದೆವು. ನೀನು ಹೋದ ಮೇಲೆ ನಾನೊಬ್ಬಳೇ ಅಂದೆ. ಪ್ರತಿ ಸಲವೂ ನಾನು ಬಾಟಲಿಯ ಮೇಲೆ ಚಮಚ ಎತ್ತಿ ಹಿಡಿದು, ಇವತ್ತು ನಮ್ಮದನ್ನು ಕರೆಯುತ್ತಾನೆ ಎಂದು ಕಾಯುತ್ತಿದ್ದೆ. ಒಂದು ಸಲವೂ ಕರೆಯಲಿಲ್ಲ. ಅದು ಅವನಿಗೆ ನಾಲಿಗೆಗೆ ಬರಲಾರದಷ್ಟು ಆಳದಲ್ಲಿದೆ, ಊರಿಗೆಲ್ಲ ಹಂಚುವವನು ಇದೊಂದನ್ನು ನನಗಾಗಿ ಮುಚ್ಚಿಟ್ಟಿದ್ದಾನೆ ಎಂದುಕೊಂಡಿದ್ದೆ. ಅವನ ಅಂಗಿ, ಅವನ ಕೆಮ್ಮು, ಸರ್ಕಾರದ ಊಟ, ಎಲ್ಲವನ್ನೂ ನಾನು ಕ್ಷಮಿಸಿದ್ದು ಆ ಒಂದು ಮೌನಕ್ಕಾಗಿ. ಅದು ಮೌನವಾಗಿರಲಿಲ್ಲ ಮಾಕುಮೆ, ಜಾಗ ಸಿಕ್ಕಿರಲಿಲ್ಲ ಅಷ್ಟೆ.

ಚರ್ಚಿನಲ್ಲಿ ಮಗುವನ್ನು ಎತ್ತಿ ಹಿಡಿದು ಪಾದ್ರಿಗೆ ಹೆಸರು ಹೇಳಿದವಳು ನೀನು. ಈ ಮನೆಯಲ್ಲಿ ಅದನ್ನು ಉಚ್ಚರಿಸುವವರಿಲ್ಲ, ನನಗೂ ಈಚೆಗೆ ಬಾಯಿ ಬರುವುದಿಲ್ಲ. ನಿನ್ನ ಉತ್ತರದಲ್ಲಿ ಬೇರೇನೂ ಬರೆಯದಿದ್ದರೂ ಸರಿ, ಆನ್ಸೆಲ್ಮ್ ಎಂದು ಒಂದು ಸಲ ಬರೆ.